ಭಾವ ಆಡದ ಮಾತು

ನಮ್ಮ ಭಾವ ಆ ಮಾತು ಆಡಿರಲಿಲ್ಲ. ಅದು ನಾನು ಹುಟ್ಟಿಸಿದ್ದು. ಹುಟ್ಟಿಸಿ ಅವರ ಬಾಯಿಗೆ ಹಚ್ಚಿದೆ, ಅಕ್ಕನ ಕಿವಿಗೆ ಹಾಕಿದೆ. ಆಗ ನಾವಿಬ್ಬರೂ ವಿಮಾನದಲ್ಲಿ ಕೂತಿದ್ದೆವು. ಅಕ್ಕ ವಾಂತಿ ಮಾಡಿಕೊಳ್ಳುತ್ತಾ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಆ ಒಂದು ಮಾತಿಗೆ ಅಕ್ಕ ತನ್ನ ಗಂಡನ ಜೋಡಿ ಮಾತು ಬಿಟ್ಟಳು. ಅವರು ಸಾಯುವ ತನಕ ಬಿಟ್ಟಳು. ಯಾಕೆ ಅಂತ ತಿಳಿಯದೇ ಅವರು ಹೋದರು. ನನಗೆ ತಿಳಿದಿತ್ತು.

ನಾನು ಸಾಲಿಗೆ ಹೋದವಳಲ್ಲ. ಮಗಳು ಪಾಟಿಯ ಮೇಲೆ ಅ ಆ ತಿದ್ದುವಾಗ ಪಕ್ಕದಲ್ಲಿ ಕೂತು ಕಲಿತದ್ದು ಇಷ್ಟು. ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಅಕ್ಷರದ ತಪ್ಪಿಗೆ ಹೇಳಿದೆ — ಇನ್ನೊಂದು ತಪ್ಪು ಯಾರಿಗೂ ತಿದ್ದಲಿಕ್ಕೆ ಬರುವಂಥದ್ದಲ್ಲ.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನೆಗೆಣ್ಣಿ. ನನ್ನ ಗಂಡನ ಅಣ್ಣನ ಹೆಂಡತಿ, ಪಾರ್ವತವ್ವ. ಅಕ್ಕಿಆಲೂರಿನಲ್ಲಿ ನಮ್ಮದು ಒಂದೇ ಮನೆ, ಒಂದೇ ಒಲೆ. ಭಾವ ಚನ್ನಪ್ಪನವರು ಮನೆಗೆ ಹಿರಿಯರು, ಊರಲ್ಲೂ ಅವರ ಮಾತು ನಡೆಯುತ್ತಿತ್ತು. ಅಕ್ಕ ಬಾಯಿ ಜೋರಿನಾಕೆ. ನಾಲ್ಕು ಹೆಂಗಸರು ಕೂಡಿದಲ್ಲಿ ಆಕೆ ಇದ್ದರೆ ನಗೆಯೋ ನಗೆ. ಯಾರನ್ನೂ ಬಿಡುತ್ತಿರಲಿಲ್ಲ, ಕುಂಟರನ್ನು ಕುಂಟಿ ತೋರಿಸುವಳು, ತೊದಲರನ್ನು ತೊದಲಿ ತೋರಿಸುವಳು. ಆಕೆ ಕೆಟ್ಟವಳಿರಲಿಲ್ಲ ಅಂತ ಈಗ ಬರೆಯುತ್ತೇನೆ. ಆಗ ಕೇಳಿದ್ದರೆ ಬೇರೆ ಹೇಳುತ್ತಿದ್ದೆ.

ನನ್ನ ತವರು ಹಿರೇಕೆರೂರ ಕಡೆ, ಚಿಕ್ಕೇರೂರು. ಲಗ್ನವಾಗಿ ಗಂಡನ ಊರಿಗೆ ಬರುವ ದಿನ ಹುಟ್ಟಿದಾರಭ್ಯ ಮೊದಲ ಸಲ ಬಸ್ಸು ಹತ್ತಿದೆ. ಮೈಗೆ ಹಚ್ಚಿದ ಅರಿಷಿಣ ಇನ್ನೂ ಹೋಗಿರಲಿಲ್ಲ. ತಡಕೊಂಡೆ, ತಡಕೊಂಡೆ — ಕಡೆಗೆ ಕಂಡಕ್ಟರ ಟಿಕೀಟು ಕೊಡಲಿಕ್ಕೆ ಬಗ್ಗಿದಾಗ ಅವನ ತೊಗಲಿನ ಚೀಲದಲ್ಲೇ ವಾಂತಿ ಆಯಿತು. ಹೊಸ ಮದುವಣಗಿತ್ತಿ ಅಂತ ಅವನು ಬೈಯಲೂ ಇಲ್ಲ. ಅಕ್ಕ ಎದುರು ಸೀಟಿನಲ್ಲಿದ್ದಳು. ಆಕೆಗೆ ಅಷ್ಟು ಸಾಕಾಯಿತು. ಮನೆಗೆ ಯಾರು ಬಂದರೂ ಅದೇ ಕಥೆ — ಕಂಡಕ್ಟರ ಚೀಲ ಹೆಂಗ ಬೋರಲು ಹಾಕಿದ, ಚಿಲ್ಲರೆ ಹೆಂಗ ತೊಳೆದ. "ವಾಂತಿ ಗಂಗಿ" ಅಂತ ಹೆಸರು ಬಿತ್ತು. ಊರವರು ಗಂಗವ್ವ ಅನ್ನುವುದನ್ನೇ ಮರೆತರು. ನಾನು ನಗುತ್ತಿದ್ದೆ. ನಗದಿದ್ದರೆ ಇನ್ನೂ ಹೆಚ್ಚು ಆಡುತ್ತಾರೆ.

ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ.

ನನ್ನ ಮಗಳು ಸುಶೀಲಾ ಲಗ್ನಕ್ಕೆ ಬಂದಳು. ಸವಣೂರಿನಿಂದ ಕನ್ಯಾ ನೋಡಲಿಕ್ಕೆ ಬಂದರು. ಛಲೋ ಮನೆತನ, ಹುಡುಗ ನೋಡಲಿಕ್ಕೂ ಚೆಂದ. ಉಪ್ಪಿಟ್ಟು ತಿಂದರು, ಹುಡುಗಿಯನ್ನು ಮೆಚ್ಚಿದರು. ಹುಡುಗನ ತಾಯಿ ನನ್ನ ಪಕ್ಕದಲ್ಲಿ ಕೂತು ಬೀಗತಿ ಹಾಗೆ ಮಾತು ಶುರು ಮಾಡಿದ್ದಳು. ಅಷ್ಟರಲ್ಲಿ ಅಕ್ಕ ಚಹಾದ ತಾಟು ಹಿಡಿದು ಬಂದವಳು —

"ನಮ್ಮ ಹುಡುಗಿನ್ನ ಬಸ್ಸಿನ್ಯಾಗ ಮಾತ್ರ ಕರಕೊಂಡ ಹೋಗಬ್ಯಾಡ್ರಿ ಯವ್ವಾ! ಇವರವ್ವ ಕಂಡಕ್ಟರನ ಚೀಲದಾಗ ಕಾರಿಕೊಂಡ ಬಂದಾಕಿ. ಮಗಳೂ ಹಂಗ, ಹಾನಗಲ್ಲಿಗೆ ಹೋಗಿ ಬರೂದ್ರಾಗ ಮೂರ ಸಲ!"

ಎಲ್ಲರೂ ನಕ್ಕರು. ಹುಡುಗನ ತಾಯಿಯೂ ನಕ್ಕಳು. ಆಮೇಲೆ ನಗೆ ನಿಲ್ಲಿಸಿ ನನ್ನ ಕಡೆ ತಿರುಗಿ, "ಹೊಟ್ಟಿ ಬ್ಯಾನಿ ಏನರ ಐತೇನ್ರಿ, ನಿಮ್ಮ ವಂಶದಾಗ?" ಅಂದಳು. ಇಲ್ಲರಿ ಅಂದೆ. ಅವರು ಹೋದವರು ತಿರುಗಿ ಬರಲಿಲ್ಲ. ಅಕ್ಕ "ಬರದಿದ್ರ ಬಿಡಲಿ ತಗೊ, ಚ್ಯಾಷ್ಟಿ ತಿಳೀದ ಮಂದಿ" ಅಂದು ಅಕ್ಕಿ ಆರಿಸಲಿಕ್ಕೆ ಕೂತಳು.

ಸುಶೀಲಾ ಹಿತ್ತಲಲ್ಲಿ ಅಳುತ್ತಿದ್ದಳು. ನಾನು ಅಳಲಿಲ್ಲ. ನನಗೆ ಸಿಟ್ಟು ಬಂದರೆ ಅಳು ಬರುವುದಿಲ್ಲ, ನಿದ್ದೆ ಬಿಡುತ್ತದೆ. ಹೊತ್ತು ಬರಲಿ ಅಂತ ಕಾಯ್ದೆ.

ದಿಲ್ಲಿಗೆ ಆರಿಸಿ ಹೋಗುವ ಇಲೆಕ್ಷನ್ನು ಬಂತು. ಶಿಗ್ಗಾಂವಿಯ ಒಬ್ಬ ಕಾಳಿನ ವ್ಯಾಪಾರಿ ನಿಂತಿದ್ದ. ಭಾವ ಅವನ ಕಡೆ. ಆ ಮನುಷ್ಯ ಎಲ್ಲಿಂದಲೋ ಒಂದು ಸಣ್ಣ ವಿಮಾನ ಬಾಡಿಗೆಗೆ ತರಿಸಿದ. ಶಿಗ್ಗಾಂವಿಯ ಹೊರಗೆ ಜೋಳ ಕೊಯ್ದ ಹೊಲ ಸವರಿಸಿ ಅಲ್ಲಿ ಇಳಿಸುತ್ತಿದ್ದರು. ಅವನ ತಲೆಯಲ್ಲಿ ಒಂದು ಹಿಕಮತ್ತು ಇತ್ತು. ಊರಿಗೊಬ್ಬ ದೊಡ್ಡ ಮನೆತನದ ಹೆಣ್ಣುಮಗಳು ವಿಮಾನ ಹತ್ತಬೇಕು, ತನ್ನ ಊರ ಮೇಲೆ ತಾನೇ ಕೈಯಾರೆ ಹ್ಯಾಂಡ್‌ಬಿಲ್ಲು ಬಿಡಬೇಕು. ಹಾಗಾದರೆ ಊರ ಹೆಂಗಸರ ಓಟೆಲ್ಲಾ ತನಗೇ. ಅಕ್ಕಿಆಲೂರಿನಿಂದ ಯಾರು? ಚನ್ನಪ್ಪನವರ ಹೆಂಡತಿ. ಕಟ್ಟೆಯ ಮೇಲೆ ಹಿರಿಯರೇ ಹೆಸರು ಹೇಳಿದರು, ಹೆಂಗಸರನ್ನು ಯಾರು ಕೇಳುತ್ತಾರೆ.

ಹಿಂದಿನ ದಿನ ಸಂಜೆ ಅಕ್ಕ ನನ್ನನ್ನು ದನದ ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಮುಖ ಬಿಳಿಚಿಕೊಂಡಿತ್ತು. ಆಕೆಯನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

"ಗಂಗೀ, ನನಗ ಬಾವಿ ಇಣುಕಿದ್ರ ತಲಿ ತಿರಗತೈತಿ. ಯಾರಿಗೂ ಹೇಳಿಲ್ಲ. ನಾ ಅದನ್ನ ಹತ್ತಂಗಿಲ್ಲ, ಸತ್ರೂ ಹತ್ತಂಗಿಲ್ಲ."

"ಹಂಗಾರ ಭಾವಾರಿಗೆ ಅಂಜಿಕಿ ಅಂತ ಹೇಳು."

"ಹುಚ್ಚಿ! ಊರ ಮಂದೀನ್ನೆಲ್ಲಾ ಆಡಿಕೊಂಡ ನಗಾಕಿ ನಾ. ಅಂಜತೇನಿ ಅಂತ ಗೊತ್ತಾದ್ರ ನನ್ನ ಬಿಡ್ತಾರೇನು? ನೀ ಹೋಗಿ ಹೇಳು — ಅಕ್ಕ ಒಲಿ ಮುಟ್ಟಂಗಿಲ್ಲ ಅಂತ."

ಇದನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ತಿಂಗಳ ಮುಟ್ಟಿನ ಮಾತನ್ನು ನಮ್ಮ ಮನೆಯಲ್ಲಿ ಹೆಂಡತಿ ತಾನಾಗಿ ಗಂಡನಿಗೆ ಹೇಳುವ ರೂಢಿ ಇರಲಿಲ್ಲ. ತುಂಬಿದ ಮನೆ, ನಾಚಿಕೆ. ನಾನು ಹೊರಗಾದರೆ ಅಕ್ಕ ನನ್ನ ಗಂಡನಿಗೆ ಹೇಳುವಳು, ಅಕ್ಕ ಹೊರಗಾದರೆ ನಾನು ಭಾವನಿಗೆ. ಅದೂ ಬಾಗಿಲ ಮರೆಯಲ್ಲಿ ನಿಂತು, "ಅಕ್ಕ ಒಲಿ ಮುಟ್ಟಂಗಿಲ್ರಿ" ಅಂತ ಅಷ್ಟೇ. ಅವರು "ಹೂಂ" ಅನ್ನುವರು. ಆ ದಿನಗಳಲ್ಲಿ ಹೆಣ್ಣುಮಗಳು ಊರು ದಾಟುವ ಹಾಗಿಲ್ಲ, ಗಾಡಿ ಹತ್ತುವ ಹಾಗಿಲ್ಲ. ಅದರ ಮೇಲೆ ಯಾವ ಗಂಡಸೂ ಇನ್ನೊಂದು ಮಾತು ಕೇಳುವುದಿಲ್ಲ. ಖರೇನೋ ಸುಳ್ಳೋ ಅಂತ ನೋಡುವವರೂ ಇಲ್ಲ. ಅಕ್ಕನ ಉಪಾಯ ಗಟ್ಟಿಯಾಗಿತ್ತು. ಅದಕ್ಕೆ ಒಬ್ಬಳು ಬೇಕಿತ್ತು, ನಾನು.

ಆಯ್ತಕ್ಕಾ ಅಂದೆ. ಪಡಸಾಲೆಯ ಬಾಗಿಲ ಮರೆಗೆ ಹೋಗಿ ನಿಂತೆ. ಭಾವ ಒಬ್ಬರೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಳೆ ಸಪ್ಪಳಕ್ಕೆ ತಲೆ ಎತ್ತಿದರು.

"ಏನವ್ವಾ ಗಂಗವ್ವ?"

ಆ ಊರಲ್ಲಿ ನನ್ನ ಹೆಸರನ್ನು ಪೂರ್ತಿ ಕರೆಯುತ್ತಿದ್ದವರು ಅವರೊಬ್ಬರೇ. ಆದರೂ ಹೇಳಿದೆ —

"ಅಕ್ಕ ತಯಾರಾಗ್ಯಾಳ್ರಿ. ನಾನೂ ಜೋಡಿ ಹೋಗ್ತೇನ್ರಿ."

ಅವರ ಮುಖ ಅರಳಿತು. ಆಮೇಲೆ ಸುಣ್ಣದ ಬೆರಳು ಹಾಗೇ ಎತ್ತಿ ಹಿಡಿದು ಕೇಳಿದರು: "ಅಂಜಂಗಿಲ್ಲಲ್ಲ ಅಕಿ? ಅಂಜಿಕಿ ಇದ್ರ ಬ್ಯಾಡವ್ವ. ಇಲೆಕ್ಷನ್ ಹೋದ್ರ ಹೋಗ್ಲಿ. ಬ್ಯಾರೇದವ್ರನ್ನ ಕಳಸೂಣು."

ಇದನ್ನು ಅವರು ಕೇಳಿದ್ದರು. ಇದು ಅವರು ಆಡಿದ ಮಾತು. ನಾನು "ಇಲ್ರಿ, ಖುಷಿಲೇ ಅದಾಳ" ಅಂದು ಒಳಗೆ ಬಂದೆ. ಅಕ್ಕನಿಗೆ "ಹೇಳೀನಿ" ಅಂದೆ. ಅಕ್ಕ ನನ್ನ ಗಲ್ಲ ಸವರಿ, ಲಟಿಕೆ ಮುರಿದು ದೃಷ್ಟಿ ತೆಗೆದಳು.

ಮರುದಿನ ಬೆಳಗಾಗುವ ಮೊದಲೇ ಭಾವ ಮತ್ತು ನನ್ನ ಗಂಡ ಶಿಗ್ಗಾಂವಿಗೆ ಹೋಗಿಬಿಟ್ಟಿದ್ದರು. ಅಕ್ಕ ತಾನು ಉಳಿದೆ ಅಂದುಕೊಂಡು ಹಿತ್ತಲ ಬಾಗಿಲಲ್ಲಿ ಚಾಪೆ ಹಾಸಿ, ಹೊರಗಾದವಳ ಹಾಗೇ ಕೂತಿದ್ದಳು. ನಾನು ಹೋಳಿಗೆ ಮಾಡಿದೆ. ಇವತ್ತೇನು ಹಬ್ಬ ಅಂದಳು. ನೀ ಪಾರಾದ ಹಬ್ಬ ಅಂದೆ. ನಕ್ಕಳು, ಮೇಲೆ ಮೇಲೆ ಹಾಕಿಸಿಕೊಂಡು ಉಂಡಳು. ತುಪ್ಪ ನಾನೇ ಸುರಿದೆ. ನಾನು ಒಂದು ತುತ್ತೂ ತಿನ್ನಲಿಲ್ಲ. ಇಷ್ಟು ವರ್ಷ ಬಸ್ಸಿನಲ್ಲಿ ವಾಂತಿ ಮಾಡಿಕೊಂಡವಳಿಗೆ ಅದರ ವಿದ್ಯೆ ಬಂದಿರುತ್ತದೆ. ಹೊಟ್ಟೆ ಖಾಲಿ ಇರಬೇಕು, ಮೂಗಿಗೆ ಲಿಂಬೆಹಣ್ಣು ಬೇಕು, ಕಣ್ಣು ದೂರ ಇರಬೇಕು, ಹತ್ತಿರದ್ದು ನೋಡಬಾರದು. ಲಿಂಬೆಹಣ್ಣು ಒಂದೇ ಇಟ್ಟುಕೊಂಡೆ, ನನ್ನ ಸಂಚಿಯಲ್ಲಿ.

ಜೀಪು ಬಂತು. ಓಣಿಯ ಹೆಂಗಸರೆಲ್ಲಾ ಆರತಿ ಹಿಡಿದು ಬಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಕಿವಿಯಲ್ಲಿ ಹೇಳಿದೆ: "ಮಂದಿ ಮುಂದ ಇಲ್ಲೇ ಒಲ್ಲೆ ಅನ್ನಾಕ ಬರಂಗಿಲ್ಲಕ್ಕ. ಭಾವಾರಿಗೆ ಗೊತ್ತೈತಿ. ಅಲ್ಲಿ ಹೋಗೂಣು, ಅವ್ರ ಬಿಡಸ್ತಾರ." ನಂಬಿದಳು. ಯಾಕೆ ನಂಬಬಾರದು?

ಶಿಗ್ಗಾಂವಿಯ ಹೊಲದಲ್ಲಿ ಜಾತ್ರೆಯ ಹಾಗೆ ಮಂದಿ. ವಿಮಾನ ನೋಡಿದರೆ ಎತ್ತಿನ ಬಂಡಿಗೆ ರೆಕ್ಕೆ ಹಚ್ಚಿದ ಹಾಗಿತ್ತು, ಅಷ್ಟು ಸಣ್ಣದು. ಭಾವ ಹೊಸ ಪಟಗಾ ಸುತ್ತಿ ನಿಂತಿದ್ದರು. ಅಕ್ಕ ಅವರ ಕಡೆ ನೋಡಿದಳು — ಆ ನೋಟ ನನ್ನ ಕಣ್ಣಲ್ಲಿ ಈಗಲೂ ಇದೆ — ಬಿಡಿಸು ಅಂತ. ಅವರು ನಕ್ಕು, ಹೋಗಿ ಬಾ ಅಂತ ತಲೆ ಆಡಿಸಿದರು. ಪಾಪ, ಹೆಮ್ಮೆಯಿಂದ ಆಡಿಸಿದರು. ಅಷ್ಟರಲ್ಲಿ ಅಕ್ಕನ ಕೊರಳಿಗೆ ಮಾಲೆ ಬಿತ್ತು, ಯಾರೋ ಕೈ ಹಿಡಿದು ಹತ್ತಿಸಿದರು, ನಾನು ಹಿಂದಿನಿಂದ ದೂಡಿದೆ. ಖರೇ ದೂಡಿದೆ, ಎರಡೂ ಕೈಲೆ.

ಮುಂದೆ ಪೈಲಟ್ಟು, ಅವನ ಪಕ್ಕ ವ್ಯಾಪಾರಿಯ ಕಡೆಯ ಒಬ್ಬ. ಹಿಂದೆ ನಾವಿಬ್ಬರು, ನಡುವೆ ಹ್ಯಾಂಡ್‌ಬಿಲ್ಲಿನ ಗಂಟು. ನೆಲ ಬಿಟ್ಟ ಕೂಡಲೇ ಅಕ್ಕ ಕಣ್ಣು ಮುಚ್ಚಿದಳು. ನಾನು ತೊಡೆ ಚಿವುಟಿ, "ಕೆಳಗ ನೋಡಕ್ಕ, ಕೆಳಗ ನೋಡು, ಚೆಂದ ಕಾಣತೈತಿ" ಅಂದೆ. ನೋಡಿದಳು. ಬಂಕಾಪುರ ದಾಟುವುದರೊಳಗೆ ಶುರುವಾಯಿತು. ಮೊದಲು ಹ್ಯಾಂಡ್‌ಬಿಲ್ಲಿನ ಮೇಲೆ, ಆಮೇಲೆ ಮಾಲೆಯ ಮೇಲೆ, ಸೀರೆಯ ಮೇಲೆ. ಹೂರಣ, ತುಪ್ಪ, ಎಲ್ಲಾ. ಮುಂದಿನವನು ಹಿಂತಿರುಗಿ ನೋಡಿ ಮೂಗು ಮುಚ್ಚಿಕೊಂಡ. ನಾನು ಲಿಂಬೆಹಣ್ಣು ಮೂಸುತ್ತಾ ದೂರದ ಗುಡ್ಡ ನೋಡುತ್ತಾ ಕೂತಿದ್ದೆ. ಒಳಗೆ ಏನಾಗುತ್ತಿತ್ತು ಅಂತ ಕೇಳಿದರೆ — ಖುಷಿ. ಇನ್ನೇನು ಬರೆಯಲಿ. ಗಾಣದಿಂದ ಕಬ್ಬಿನ ಹಾಲು ಇಳಿದ ಹಾಗೆ ಖುಷಿ.

ಅಲ್ಲಿಗೆ ನನ್ನ ಲೆಕ್ಕ ಮುಗಿದಿತ್ತು. ಅಷ್ಟು ಮಂದಿಯ ಮುಂದೆ ಆಕೆ ಇಳಿಯುವಾಗ ಎಲ್ಲರೂ ನೋಡುತ್ತಿದ್ದರು, ನನ್ನ ಹೆಸರು ಆಕೆಗೆ ಹೋಗುತ್ತಿತ್ತು, ಸಾಕಿತ್ತು.

ಆಗ ಅಕ್ಕ ನನ್ನ ರಟ್ಟೆ ಹಿಡಿದಳು. ಉಗುರು ನಟ್ಟವು. ಇಂಜಿನಿನ ಸಪ್ಪಳಕ್ಕೆ ನನ್ನ ಕಿವಿಯಲ್ಲೇ ಬಾಯಿಟ್ಟು ಕೂಗಿದಳು:

"ಅವರಿಗೆ ಹೇಳಿದ್ದಿಲ್ಲೇನ ನೀ?"

ಹೇಳಿರಲಿಲ್ಲ ಅಂದರೆ ನಾನು ಸಿಕ್ಕಿಬೀಳುತ್ತೇನೆ. ಅದು ಒಂದು. ಅಂಜಿ ಆಡಿದೆ ಅಂತ ಬರೆದರೆ ನೀವೂ ಒಪ್ಪುತ್ತೀರಿ. ಆದರೆ ಬರೀ ಅಂಜಿಕೆಗೆ "ಹೇಳೀನಿ" ಅಂದಿದ್ದರೆ ಸಾಕಿತ್ತಲ್ಲ — ಅಷ್ಟಕ್ಕೇ ಬಾಯಿ ನಿಲ್ಲಲಿಲ್ಲ. ಸುಶೀಲಾ ಹಿತ್ತಲಲ್ಲಿ ಅತ್ತದ್ದು ಕಣ್ಣ ಮುಂದೆ ಬಂತು. ನಾನೂ ಅಕ್ಕನ ಕಿವಿಗೆ ಬಾಯಿಟ್ಟೆ.

"ಹೇಳಿದ್ನೆವಾ. 'ಹೊರಗಾದ್ರ ಏನಾತು, ಆಕಾಶಕ್ಕ ಮೈಲಿಗಿ ತಟ್ಟತೈತೇನು, ಕುಂದರಸು' ಅಂದ್ರು. ನಕ್ರು."

ನಕ್ರು ಅಂದೆ. ಅದನ್ನೂ ಸೇರಿಸಿದೆ.

ಅಕ್ಕ ನನ್ನ ರಟ್ಟೆ ಬಿಟ್ಟಳು. ವಾಂತಿ ನಿಂತಿತು. ಅಕ್ಕಿಆಲೂರಿನ ಮೇಲೆ ಬಂದಾಗ ಹ್ಯಾಂಡ್‌ಬಿಲ್ಲು ಬಿಟ್ಟವಳು ನಾನು. ಗದ್ದೆಯ ಕಣಗಳು, ಬಣವಿಗಳು, ನಮ್ಮ ಓಣಿ, ಕೈ ಬೀಸುವ ಮಂದಿ. ಚೆಂದ ಇತ್ತು. ಅಕ್ಕ ತನ್ನ ಊರನ್ನು ನೋಡಲೇ ಇಲ್ಲ.

ತಿರುಗಿ ಶಿಗ್ಗಾಂವಿಯ ಹೊಲದಲ್ಲಿ ಇಳಿದಾಗ ಮಂದಿ ಓಡಿಬಂದರು. ಅಕ್ಕನ ಅವತಾರ ನೋಡಿ ಹುಡುಗರು ಹೋ ಅಂತ ನಕ್ಕರು. ಭಾವ ಮಂದಿಯನ್ನು ಸೀಳಿಕೊಂಡು ಬಂದು, ತಲೆಯ ಹೊಸ ಪಟಗಾ ಬಿಚ್ಚಿ, ಅದರಿಂದಲೇ ಹೆಂಡತಿಯ ಸೀರೆ ಒರೆಸಲಿಕ್ಕೆ ಬಗ್ಗಿದರು. ಊರ ಹಿರಿಯ, ಅಷ್ಟು ಮಂದಿಯ ಎದುರು. ಅಕ್ಕ ಅವರ ಕೈಯನ್ನು ತಳ್ಳಿದಳು. ಪಟಗಾ ಮಣ್ಣಿಗೆ ಬಿತ್ತು. ಅವರು ಅದನ್ನು ಎತ್ತಿಕೊಂಡು ಏನೂ ತಿಳಿಯದೆ ನನ್ನ ಮುಖ ನೋಡಿದರು. ನಾನು ಸೆರಗು ಸರಿ ಮಾಡಿಕೊಂಡೆ.

ಆ ವ್ಯಾಪಾರಿ ಆರಿಸಿ ಬರಲಿಲ್ಲ. ಊರಲ್ಲಿ ಅಕ್ಕನಿಗೆ "ವಿಮಾನದ ಪಾರವ್ವ" ಅಂತ ಹೆಸರು ಬಿತ್ತು, ಆಕೆ ಹೊರಗೆ ಬರುವುದನ್ನೇ ಬಿಟ್ಟಳು, ನಗಿಸುವುದನ್ನೂ ಬಿಟ್ಟಳು. ಮುಂದಿನ ವರ್ಷವೇ ಸುಶೀಲಾಳ ಲಗ್ನ ಸವಣೂರಿನ ಇನ್ನೊಂದು ಮನೆಗೆ ಆಯಿತು, ಮೊದಲಿನದಕ್ಕಿಂತ ಛಲೋ ಮನೆ. ಸೇಡು ಯಾವುದಕ್ಕೆ ತೀರಿಸಿದೆನೋ ಅದೇ ಉಳಿಯಲಿಲ್ಲ. ಆದರೆ ನಾನು ಬಿತ್ತಿದ ಮಾತು ಮನೆಯಲ್ಲಿ ಉಳಿಯಿತು.

ಅಕ್ಕ ಗಂಡನಿಗೆ ನೀಡುವುದು ಬಿಡಲಿಲ್ಲ. ತಾಟು ಮುಂದಿಟ್ಟು ಗೋಡೆಯ ಕಡೆ ತಿರುಗುವಳು. ಏನು ಬೇಕಾದರೂ ನನ್ನ ಕೈಲೆ. "ಉಪ್ಪಿನಕಾಯಿ ಬೇಕೇನ್ ಕೇಳು." "ನಾಳೆ ಹಾನಗಲ್ಲಿಗೆ ಹೋಗ್ತೇನಿ ಅಂತ ಹೇಳವ್ವ." ಒಂದೇ ಪಡಸಾಲೆಯಲ್ಲಿ ಇಬ್ಬರೂ ಕೂತಿರುವರು, ನಡುವೆ ನಾನು ನಿಂತು ಆ ಕಡೆಯದು ಈ ಕಡೆ, ಈ ಕಡೆಯದು ಆ ಕಡೆ. ಮನೆಯ ಬೀಗದ ಕೈ ಮೆಲ್ಲಗೆ ನನ್ನ ಸೊಂಟಕ್ಕೆ ಬಂತು. ಅದು ನನಗೆ ಬೇಡವಾಗಿರಲಿಲ್ಲ. ಸುಳ್ಳು ಯಾಕೆ ಬರೆಯಲಿ — ರುಚಿ ಹತ್ತಿತ್ತು.

ಅಕ್ಕ ಯಾಕೆ ಗಂಡನನ್ನೇ ಕೇಳಲಿಲ್ಲ ಅಂತ ನೀವು ಅನ್ನಬಹುದು. ಹೇಗೆ ಕೇಳುತ್ತಾಳೆ? ಹೊರಗಾಗಿದ್ದೇನೆ ಅಂದದ್ದೇ ಆಕೆಯ ಸುಳ್ಳು. ಅದರ ಮೇಲೆ ಅದು ಗಂಡನ ಎದುರು ಬಾಯಿ ಬಿಡುವ ಮಾತೂ ಅಲ್ಲ. ಆಕೆಯ ಬಾಯಿ ಹೊಲಿದು ಹೋಗಿತ್ತು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಗಂಡ ಮೊದಲು ಹೋದರು. ಆಮೇಲೆ ಭಾವ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕುಡಿಸಲಿಕ್ಕೆ ಕೂತಾಗ ನನ್ನನ್ನು ಕೇಳಿದರು.

"ಗಂಗವ್ವ, ಆ ವಿಮಾನದಾಗ ಅಕಿನ್ನ ಕಳಸಬಾರದಿತ್ತೇನು? ಅಕಿ ಖುಷಿಲೇ ಹೂಂ ಅಂದಿದ್ಲಲ್ಲ?"

ಅಕ್ಕ ಆಚೆ ಕೋಣೆಯಲ್ಲಿ ಹತ್ತಿ ಬಿಡಿಸುತ್ತಿದ್ದಳು. ಎದ್ದು ಹೋಗಿ ಕರೆದುಕೊಂಡು ಬಂದು ಇಬ್ಬರ ಎದುರೂ ಬಾಯಿ ಬಿಡಬಹುದಿತ್ತು. ಬಾಗಿಲು ಅಷ್ಟು ಹತ್ತಿರ ಇತ್ತು. ನಾನು ಗಂಜಿಯ ಬಟ್ಟಲು ನೋಡುತ್ತಾ —

"ಹೂಂ ಅಂದಿದ್ಲರಿ," ಅಂದೆ.

"ಹಂಗಾರ ನನ್ನ ತಪ್ಪೇನು?" ಅಂದರು. ನನ್ನನ್ನು ಕೇಳಿದ್ದಲ್ಲ. ಗೋಡೆಯನ್ನು ಕೇಳಿದರು. ನಾಲ್ಕು ದಿನದಲ್ಲಿ ಹೋದರು.

ವಿಮಾನದಲ್ಲಿ ಆಡಿದ್ದು ಸಿಟ್ಟು. ಇದಕ್ಕೆ ಏನು ಹೆಸರು ಇಡಬೇಕೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನನಗೆ ಅಕ್ಕನ ಮೇಲೆ ಸಿಟ್ಟೂ ಇರಲಿಲ್ಲ.

ಭಾವನನ್ನು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಅಮಾಸಿಗೆ ಮಕ್ಕಳು ಹೋಗಿ ಅಲ್ಲಿ ಹೂ ಏರಿಸಿ ಬರುವರು. ಅಕ್ಕ ಎಂದೂ ಹೋಗಲಿಲ್ಲ.

ಈಗ ಮನೆಯಲ್ಲಿ ಹಳಬರು ನಾವಿಬ್ಬರೇ. ಮೊನ್ನೆ ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕೂದಲು ಇಲ್ಲವೇ ಇಲ್ಲ, ಬೆರಳಿಗೆ ಬರೀ ತಲೆ ಸಿಗುತ್ತದೆ. ಆಕೆ ಅಂದಳು: "ಗಂಗೀ, ಈ ಮನ್ಯಾಗ ನನ್ನ ಮಾತು ಮುಟ್ಟಿಸಿದಾಕಿ ನೀ ಒಬ್ಬಾಕಿ. ಕೇಳೂದು ಬಿಡೂದು ಅವರ ಗುಣ. ನೀ ಮುಟ್ಟಿಸಿದಿ."

ಬೈದಿದ್ದರೆ ತಡಕೊಳ್ಳುತ್ತಿದ್ದೆ. ಎಣ್ಣೆಯ ಕೈಲೆ ಮುಂದೆ ಹೋಗಿ ಕೂತೆ. ಹೇಳಿದೆ. ಬಾಗಿಲ ಮರೆಯಿಂದ ಹಿಡಿದು ಗಂಜಿಯ ಬಟ್ಟಲ ತನಕ. ಕಿವಿ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಮಾಡಿದ್ದನ್ನು ಕೂಗಿ ಹೇಳುವುದು ಅಂದರೆ —

ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಕೇಳಿದಳು.

"ಅವರಿಗೆ ಗೊತ್ತಿರಲಿಲ್ಲೇನು?"

"ಇರಲಿಲ್ಲಕ್ಕಾ. 'ಅಂಜಿಕಿ ಇದ್ರ ಬ್ಯಾಡ' ಅಂತ ಕೇಳಿದ್ರು."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂತಲೂ ಇತ್ತು. ಆಕೆ ಗೋಡೆ ಹಿಡಿದು ಎದ್ದಳು. ಕೋಲು ತೆಗೆದುಕೊಂಡಳು. ಎಣ್ಣೆ ಹಚ್ಚಿದ ತಲೆಯಲ್ಲೇ, ಉಟ್ಟ ಸೀರೆಯಲ್ಲೇ ಹೊಲದ ದಾರಿ ಹಿಡಿದಳು. ಬೀಳುತ್ತಾಳೆ ಅಂತ ನಾನು ಹಿಂದೆ ಹೋದೆ. ರಟ್ಟೆ ಹಿಡಿಯಲಿಕ್ಕೆ ಕೈ ಚಾಚಿದರೆ ಕೋಲಿನಿಂದ ನನ್ನ ಕೈ ಸರಿಸಿದಳು. ಹೊಲದ ಬದುವಿಗೆ ಬಂದಾಗ ತಿರುಗಿ, "ನೀ ಇಲ್ಲೇ ನಿಂದ್ರು" ಅಂದಳು.

ನಿಂತೆ.

ಅಕ್ಕ ಗದ್ದೆಯ ಕೂಳೆಯ ನಡುವೆ ಒಬ್ಬಳೇ ನಡೆದು, ಭಾವನ ಸಮಾಧಿಯ ಹತ್ತಿರ ಹೋಗಿ ನೆಲಕ್ಕೆ ಕೂತಳು. ಮಾತಾಡುತ್ತಿದ್ದಳು. ತಲೆ ಆಡುವುದು ಕಾಣುತ್ತಿತ್ತು, ಕೈ ಒಮ್ಮೆ ಮೇಲೆ ಹೋಗಿ ಇಳಿಯಿತು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಬದು ದಾಟಿ ಎರಡು ಹೆಜ್ಜೆ ಇಟ್ಟಿದ್ದರೆ ಕೇಳಿಸುತ್ತಿತ್ತು. ಇಡಲಿಲ್ಲ.